ವಂಚಕ ಮತ್ತು ಶಿವಸುಮನ

ಮೂರು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಭಾನುವಾರ, ನಮ್ಮ ಸೊಸೈಟಿಯ ಸೆಕ್ರೆಟರಿ ಕಾಕಾ ಒಂದು ಹಾಳೆ ಹಿಡಿದುಕೊಂಡು ಮನೆಗೆ ಬಂದರು. ಅವರ ಮನೆಮಾತು ಗುಜರಾತಿ, ನಮ್ಮ ಜೊತೆ ಆಡುವುದು ಹಿಂದಿ. ಅರ್ಜಿ ಮಾತ್ರ ಮರಾಠಿಯಲ್ಲಿ ಇರಬೇಕಿತ್ತು. "ಬೇಟಾ, ನಿನ್ನ ಕೆಲಸವೇ ಅನುವಾದ. ಸ್ವಲ್ಪ ಚೊಕ್ಕ ಮಾಡಿ ಬರೆದುಕೊಡು" ಎಂದರು.

ಗೇಟಿನ ಪಕ್ಕದ ರೇನ್ ಟ್ರೀಯ ಕೊಂಬೆಗಳನ್ನು ಮಳೆಗೆ ಮುಂಚೆ ಕತ್ತರಿಸಬೇಕು ಎಂಬುದು ಅರ್ಜಿಯ ಸಾರ. ಕೊಂಬೆ ತಂತಿಗೆ ತಾಗುತ್ತಿವೆ, ಗಾಳಿಗೆ ಮುರಿದು ಬಿದ್ದರೆ ಜೀವಕ್ಕೆ ಅಪಾಯ, ಹಕ್ಕಿಗಳು ಕೆಳಗೆ ನಿಲ್ಲಿಸಿದ ಗಾಡಿಗಳ ಮೇಲೆ ಹೊಲಸು ಮಾಡುತ್ತವೆ. ಕೊನೆಯದನ್ನು ಅವರು 'ಗಂದಗಿ' ಎಂದು ಬರೆದಿದ್ದರು. ನಾನು ಅದನ್ನು 'ಪಕ್ಷಿಗಳ ಉಪದ್ರವ' ಎಂದು ಮರಾಠಿ ಮಾಡಿದೆ. ಸರಕಾರಿ ಕಾಗದಕ್ಕೆ ಸರಿಹೊಂದುವ ಪದ. ಅರ್ಧ ಗಂಟೆಯ ಕೆಲಸ. ಸಂಜೆ ಅವರ ಮನೆಯಿಂದ ಒಂದು ಡಬ್ಬಿ ಢೋಕಳಾ ಬಂತು.

ಆ ಮರದಲ್ಲಿ ಪ್ರತಿ ಮಳೆಗಾಲ ಗೂಡು ಕಟ್ಟುತ್ತಾರೆ ಎಂಬುದು ನನಗೆ ಗೊತ್ತಿತ್ತು. ಕಾಕಾ ಅದನ್ನು ಬರೆದಿರಲಿಲ್ಲ, ನಾನೂ ಬರೆಯಲಿಲ್ಲ. ಹೇಳಿದ್ದನ್ನು ಹೇಳುವುದಷ್ಟೇ ಅನುವಾದಕಿಯ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆನೋ, ಅಥವಾ ಆ ಹೊತ್ತಿಗೆ ಯೋಚನೆಯೇ ಬರಲಿಲ್ಲವೋ, ಈಗ ನೆನಪಿಲ್ಲ.

ಅದೇ ವಾರ ನನ್ನ ಮೇಜಿನ ಮೇಲೆ ಇನ್ನೊಂದು ಕೆಲಸವಿತ್ತು. ಸಹ್ಯಾದ್ರಿಯ ಅಪರೂಪದ ಸಸ್ಯಗಳ ಬಗ್ಗೆ ಒಂದು ಪ್ರದರ್ಶನದ ಫಲಕಗಳು, ಇಂಗ್ಲಿಷಿನಿಂದ ಕನ್ನಡಕ್ಕೆ. ಅದರಲ್ಲಿ ಒಂದು ಫಲಕ ಶಿವಸುಮನದ್ದು.

*

ವರ್ತಕ ನಗರ ಗೊತ್ತಿಲ್ಲದವರಿಗೆ ಎರಡು ಮಾತು. ಠಾಣೆ ಸ್ಟೇಷನ್ನಿನಿಂದ ಪಡುವಣಕ್ಕೆ, ಪೋಖರಣ್ ರಸ್ತೆಯ ಕಡೆ ಬಂದರೆ ಸಿಗುವ ಹಳೆಯ ವಸತಿ. ಮ್ಹಾಡಾ ಕಟ್ಟಿದ ಸಾಲು ಬಿಲ್ಡಿಂಗುಗಳು, ಈಗೀಗ ಅವುಗಳ ನಡುವೆ ತಲೆಯೆತ್ತುತ್ತಿರುವ ಟವರುಗಳು, ಒಂದು ಸಾಯಿಬಾಬಾ ಮಂದಿರ. ಇನ್ನೂ ಮೇಲೆ ಹೋದರೆ ಉಪವನ ಕೆರೆ, ಅದರ ಹಿಂದೆ ಯೇಊರಿನ ಗುಡ್ಡ ಮತ್ತು ರಾಷ್ಟ್ರೀಯ ಉದ್ಯಾನದ ಕಾಡು. ನಮ್ಮಪ್ಪ ಹಾವೇರಿ ಕಡೆಯಿಂದ ಇಲ್ಲಿನ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದವರು. ಎಂ.ಎ. ಓದಲು ಧಾರವಾಡಕ್ಕೆ ಹೋದ ಎರಡು ವರ್ಷ ಬಿಟ್ಟರೆ ನಾನು ಇದೇ ಎರಡನೇ ಮಹಡಿಯಲ್ಲಿ ಇದ್ದೇನೆ. ನನ್ನ ಮೇಜು ಗ್ಯಾಲರಿಗೆ ಮುಖ ಮಾಡಿದೆ. ಗ್ಯಾಲರಿಯಾಚೆ ಆ ಮರ.

ಶಿವಸುಮನ ಒಂದು ಗೇಣಿನಷ್ಟು ಎತ್ತರಕ್ಕೂ ಏಳದ, ಬಂಡೆಗೆ ಅಂಟಿ ಹರಡುವ ರಸಭರಿತ ಗಿಡ. ಮಹಾರಾಷ್ಟ್ರದ ಕೆಲವೇ ಗುಡ್ಡಗಳ ಬಂಡೆಮುಖಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡುಗಿಡವಾಗಿ ಇಲ್ಲ. ಜುನ್ನರ್ ಬಳಿಯ ಶಿವನೇರಿ, ಸಾತಾರೆಯ ಸಜ್ಜನಗಡ, ಪುಣೆಯ ಹತ್ತಿರದ ಪುರಂದರ, ಹೀಗೆ ಹೆಚ್ಚಿನವು ಕೋಟೆಗಳೇ. 1860ರ ದಶಕದಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವನು ನಿಕಲ್ ಅಲೆಕ್ಸಾಂಡರ್ ಡಾಲ್ಜೆಲ್, ಮುಂಬೈ ಇಲಾಖೆಯ ಅರಣ್ಯಾಧಿಕಾರಿ. ಆಗ ಮುಂಬೈ ಗವರ್ನರ್ ಆಗಿದ್ದ ಬಾರ್ಟಲ್ ಫ್ರೇರ್ ಹೆಸರನ್ನು ಗಿಡಕ್ಕಿಟ್ಟು ಫ್ರೇರಿಯಾ ಇಂಡಿಕಾ ಎಂದ. ನಮ್ಮ ಧಾರವಾಡವೂ ಆಗ ಅದೇ ಗವರ್ನರನ ಆಳ್ವಿಕೆಯಲ್ಲಿತ್ತು.

ಈ ಗಿಡದ ನಂಟರೆಲ್ಲ ಎಲೆಯಿಲ್ಲದ ಕೋಲುಗಳು. ಬಯಲುಸೀಮೆಯವರು ಆ ನಂಟರಲ್ಲೊಂದನ್ನು ಬಲ್ಲರು: ಕುರುಬರು ಉಪ್ಪು ಹಚ್ಚಿ ತಿನ್ನುವ ಮಂಗನಕೋಡು. ಶಿವಸುಮನ ಅವುಗಳ ನಡುವೆ ಬೇರೆಯಾಗಿ ಕಾಣುವುದು ಅದಕ್ಕೆ ಎಲೆ ಇರುವುದರಿಂದ, ಅದೂ ಮಳೆಗಾಲದಲ್ಲಿ. ಬೇಸಗೆಯಲ್ಲಿ ಎಲೆ ಉದುರಿಸಿ, ಬೂದುಬಣ್ಣದ ಕಡ್ಡಿಯಾಗಿ, ಬಂಡೆಯಲ್ಲಿ ಬಂಡೆಯಾಗಿ ಕೂತುಬಿಡುತ್ತದೆ. ಮಳೆ ಹಿಡಿದ ಮೇಲೆ ಎಲೆ, ಆಮೇಲೆ ಹೂ. ಐದು ಮೂಲೆಯ ನಕ್ಷತ್ರ, ಕಡು ಮೆರೂನ್ ಬಣ್ಣ, ಮೇಲೆ ಹಳದಿ ಚುಕ್ಕೆ. ಅದು ಕರೆಯುವುದು ಜೇನನ್ನಲ್ಲ, ನೊಣಗಳನ್ನು.

ಭೂಮಿಯ ಮೇಲೆ ಅತ್ಯಂತ ಅಪಾಯದಲ್ಲಿರುವ ಹನ್ನೆರಡು ಸಸ್ಯಗಳ ಪಟ್ಟಿಯೊಂದರಲ್ಲಿ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಇದನ್ನು ಸೇರಿಸಿತ್ತು. ಭಾರತದಿಂದ ರಫ್ತು ಮಾಡಬಾರದ ಕಾಡುಸಸ್ಯಗಳ ಪಟ್ಟಿಯಲ್ಲೂ ಇದರ ಹೆಸರಿದೆ. ಆ ಪಟ್ಟಿಯಲ್ಲಿ ಲ್ಯಾಟಿನ್ ಹೆಸರಿನ ಜೊತೆಗಿರುವುದು ಶಿವಸುಮನ ಎಂಬ ಹೆಸರಲ್ಲ. ಹಳೆಯ ಊರ ಹೆಸರು, ಶಿಂದಳ ಮಾಂಕುಡಿ.

ನಾನು ನಿಂತದ್ದು ಅಲ್ಲಿ. ಮರಾಠಿಯಲ್ಲಿ 'ಶಿಂದಳ' ಎಂದರೆ ಹಾದರಗಿತ್ತಿ. ಬೀದಿಜಗಳದ ಬೈಗುಳ. ಗಿಡವನ್ನು ದಿನವೂ ಕಂಡವರ ಬಾಯಲ್ಲಿ ಅದಕ್ಕಿದ್ದ ಹೆಸರು ಅದು. ಅಪರೂಪ ಎಂದು ಗೊತ್ತಾದ ಮೇಲೆ, ಶಿವಾಜಿ ಹುಟ್ಟಿದ ಶಿವನೇರಿಯಲ್ಲಿ ಸಿಗುತ್ತದೆ ಎಂಬ ಅಭಿಮಾನ ಸೇರಿದ ಮೇಲೆ, ಅದು ಶಿವಸುಮನ ಆಯಿತು. ನನ್ನ ಫಲಕದಲ್ಲಿ ಎರಡನೆಯ ಹೆಸರಷ್ಟೇ ಇತ್ತು. ನಾನೂ ಅಷ್ಟೇ ಬರೆದೆ.

*

ಗೇಟಿನ ಮರದ ಹಕ್ಕಿಯನ್ನು ಕನ್ನಡದ ಪಕ್ಷಿಪುಸ್ತಕಗಳು ಕೊಳದ ಬಕ ಎನ್ನುತ್ತವೆ. ನೀವು ಎಲ್ಲೇ ಇದ್ದರೂ ನೋಡಿರುತ್ತೀರಿ. ಕೆರೆ, ಗದ್ದೆ, ಚರಂಡಿ, ಮೋರಿ, ಸ್ವಲ್ಪ ನೀರಿದ್ದರೆ ಸಾಕು. ಕುತ್ತಿಗೆ ಒಳಗೆಳೆದುಕೊಂಡು, ಮಣ್ಣುಬಣ್ಣದ ಗೆರೆಗಳ ಮೈಯಲ್ಲಿ, ಗೂನು ಬೆನ್ನಿನ ಮುದುಕನ ಹಾಗೆ ನಿಂತಿರುತ್ತದೆ. ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ. ಕಾಲಿಗೆ ಸಿಗುತ್ತದೆ ಅನ್ನುವಷ್ಟು ಹತ್ತಿರ ಹೋದಾಗ ಥಟ್ಟನೆ ಹಾರುತ್ತದೆ, ಆಗ ರೆಕ್ಕೆ ಪೂರ್ತಿ ಬೆಳ್ಳಗೆ.

ಹಾಗೆ ಕೊನೆಯ ಗಳಿಗೆಯವರೆಗೆ ಅಲುಗಾಡದೆ ಕೂರುವುದರಿಂದ ಅದಕ್ಕೆ ಕಣ್ಣು ಕಾಣುವುದಿಲ್ಲ ಎಂದು ಜನ ತಿಳಿದರು. ತಮಿಳಿನಲ್ಲಿ ಅದು ಕುರುಟ್ಟು ಕೊಕ್ಕು, ತೆಲುಗಿನಲ್ಲಿ ಗುಡ್ಡಿ ಕೊಂಗ, ಹಿಂದಿಯಲ್ಲಿ ಅಂಧಾ ಬಗುಲಾ, ಸಿಂಹಳದಲ್ಲಿ ಕಣ ಕೊಕಾ. ಎಲ್ಲದರ ಅರ್ಥವೂ ಒಂದೇ, ಕುರುಡು ಬಕ. ನಾಲ್ಕು ಭಾಷೆಗಳು ಒಂದೇ ತಪ್ಪನ್ನು ಮಾಡಿವೆ. ತಮಿಳಿನ ಕೊಕ್ಕು ಹಕ್ಕಿಯ ಹೆಸರು. ನಮ್ಮಲ್ಲಿ ಅದೇ ಮಾತು ಹಕ್ಕಿಯ ಬಾಯಿಗೆ ನಿಂತಿದೆ. ಮರಾಠಿಯವರು ಕುರುಡ ಎನ್ನದೆ ಅದಕ್ಕೆ ಢೋಕರಿ ಎನ್ನುತ್ತಾರೆ. ಪುಸ್ತಕದ ಮರಾಠಿಯಲ್ಲಿ ಇನ್ನೊಂದು ಹೆಸರಿದೆ: ವಂಚಕ.

ಬಕನ ಹೆಸರು ಕೆಟ್ಟದ್ದು ಇವತ್ತಲ್ಲ. ಪಂಚತಂತ್ರದಲ್ಲಿ ಮೀನುಗಳನ್ನು ಬೇರೆ ಕೆರೆಗೆ ಒಯ್ಯುತ್ತೇನೆಂದು ನಂಬಿಸಿ ತಿಂದದ್ದು ಬಕ. ಭೀಮ ಕೊಂದ ರಾಕ್ಷಸನ ಹೆಸರು ಬಕ. ಕಪಟಿ ಸನ್ಯಾಸಿಯ ಧ್ಯಾನಕ್ಕೆ ನಾವು ಬಕಧ್ಯಾನ ಎನ್ನುತ್ತೇವೆ. ಊಟಕ್ಕಾಗಿ ತಾಳ್ಮೆಯಿಂದ ಕಾಯುವ ಒಂದು ಪ್ರಾಣಿಯ ಮೇಲೆ ಇಷ್ಟು ಆರೋಪ ಹೊರಿಸಿದ ಮೇಲೂ ಅದು ನಮ್ಮ ಬಿಲ್ಡಿಂಗಿನ ಗೇಟಿನ ಬಳಿಯೇ ಗೂಡು ಕಟ್ಟುತ್ತದೆ.

ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವನೂ ಕಂಪನಿ ಸರಕಾರದ ಅಧಿಕಾರಿಯೇ. ಮುಂಬೈ ಸೇನೆಯ ವಿಲಿಯಂ ಹೆನ್ರಿ ಸೈಕ್ಸ್ ದಖ್ಖನದ ಹಕ್ಕಿಗಳ ಪಟ್ಟಿಯನ್ನು 1832ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದಾಗ ಈ ಹಕ್ಕಿಗೆ ಬ್ರಿಟಿಷ್ ಮ್ಯೂಸಿಯಂನ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇಯ ಹೆಸರಿಟ್ಟ. ಹೂವಿಗೆ ಗವರ್ನರ್, ಹಕ್ಕಿಗೆ ಮ್ಯೂಸಿಯಂ ಅಧಿಕಾರಿ. ಹೂವು ಬೈಗುಳದಿಂದ ಹೊರಬಂದು ರಾಜಗೌರವ ಪಡೆಯಿತು. ಹಕ್ಕಿ ವಂಚಕನಾಗಿಯೇ ಉಳಿಯಿತು, ಯಾಕೆಂದರೆ ಅದಕ್ಕೆ ಇನ್ನೂ ಯಾವ ಅಪಾಯವೂ ಬಂದಿಲ್ಲ.

ಒಂದು ವಿಷಯ ಮಾತ್ರ ಎರಡಕ್ಕೂ ಸಮ. ಮಳೆ ಶುರುವಾದ ಮೇಲೆ, ಗೂಡು ಕಟ್ಟುವ ಕಾಲದಲ್ಲಿ, ಈ ಮಣ್ಣುಬಣ್ಣದ ಹಕ್ಕಿಯ ಬೆನ್ನು ಕಡು ಮೆರೂನ್ ಆಗುತ್ತದೆ. ತಲೆಯ ಹಿಂದೆ ಉದ್ದನೆಯ ಬಿಳಿ ಗರಿ ಇಳಿಬೀಳುತ್ತದೆ. ವರ್ಷವಿಡೀ ಕಣ್ಣಿಗೆ ಬೀಳದಂತೆ ಬದುಕಿ, ಮಳೆಯಲ್ಲಿ ಕೆಲವು ವಾರ ಹೂವಿನ ಬಣ್ಣ ತೊಡುವುದು ಇಬ್ಬರ ಕ್ರಮವೂ ಹೌದು. ಫಲಕದ ಚಿತ್ರದಿಂದ ತಲೆಯೆತ್ತಿ ಮರ ನೋಡಿದಾಗ ನಾನು ಇದನ್ನು ಗಮನಿಸಬಹುದಿತ್ತು. ಆದರೆ ಅದು ಏಪ್ರಿಲ್, ಬಣ್ಣ ಬಂದಿರಲಿಲ್ಲ.

*

ಅರ್ಜಿ ಎಲ್ಲಿಗೆ ಹೋಗಬೇಕೋ ಹೋಯಿತು. ಕತ್ತರಿಸುವವರು ಬಂದದ್ದು ಜೂನ್ ಕೊನೆಯ ವಾರ, ಒಂದು ಬೆಳಿಗ್ಗೆ ಒಂಬತ್ತಕ್ಕೆ. ನಾನು ಆನ್‌ಲೈನ್ ಮೀಟಿಂಗಿನಲ್ಲಿದ್ದೆ. ಯಂತ್ರದ ಗರಗಸದ ಸದ್ದಿಗೆ ಗ್ಯಾಲರಿಯ ಬಾಗಿಲು ಹಾಕಿಕೊಂಡೆ.

ಅವ್ವ ಹಾಲಿನ ಪ್ಯಾಕೆಟ್ ತರಲು ಇಳಿದವಳು ಕೆಳಗಿನಿಂದಲೇ ಕೂಗಿದಳು. ಹೋಗಿ ನೋಡಿದರೆ, ಬಿದ್ದ ಕೊಂಬೆಗಳ ನಡುವೆ ಮರಿಗಳು. ಗರಿ ಸರಿಯಾಗಿ ಮೂಡಿರಲಿಲ್ಲ, ಕೂದಲಿನಂಥ ಪುಕ್ಕ, ಅಷ್ಟುದ್ದ ಕಾಲು, ಬಾಯಿ ತೆರೆದೇ ಇತ್ತು. ಕೆಲವು ಆಗಲೇ ಸತ್ತಿದ್ದವು. ಕತ್ತರಿಸುತ್ತಿದ್ದ ಹುಡುಗರೂ ನಿಂತುಬಿಟ್ಟಿದ್ದರು. "ಮೇಲೆ ಗೂಡಿದೆ ಎಂದು ಕಾಗದದಲ್ಲಿ ಇರಲಿಲ್ಲ ತಾಯಿ" ಎಂದ ಒಬ್ಬ, ಅವ್ವನಿಗೆ ಮರಾಠಿಯಲ್ಲಿ. ಅವನು ಹೇಳಿದ್ದು ನಿಜ. ಕಾಗದದಲ್ಲಿ ಇರಲಿಲ್ಲ.

ವಾಚ್‌ಮನ್ ರಟ್ಟಿನ ಡಬ್ಬ ತಂದ. ಪ್ರಾಣಿರಕ್ಷಣೆಯ ಸ್ವಯಂಸೇವಕರಿಗೆ ಯಾರೋ ಫೋನ್ ಮಾಡಿದರು. ಬದುಕಿದ್ದ ಒಂಬತ್ತು ಮರಿಗಳನ್ನು ಅವರು ಒಯ್ದರು. ಸತ್ತವು ಹದಿನಾಲ್ಕು. ದೊಡ್ಡ ಹಕ್ಕಿಗಳು ಎದುರಿನ ಬಿಲ್ಡಿಂಗಿನ ಗಚ್ಚಿಯ ಮೇಲೆ ಸಾಲಾಗಿ ಕೂತಿದ್ದವು. ಅಷ್ಟು ಮೆರೂನ್ ಬೆನ್ನುಗಳನ್ನು ಒಟ್ಟಿಗೆ, ಬಯಲಿನಲ್ಲಿ, ನಾನು ಮೊದಲು ನೋಡಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವ್ವ ಕೇಳಿದಳು. "ಆ ಕಾಗದ ನೀ ಬರದದ್ದ ಹೌದಲ್ಲೇನು?"

"ಅವರು ಹೇಳಿದ್ದನ್ನ ಬರದೆ ಅವ್ವಾ."

"ಮತ್ತ ನಿನಗ ಗೊತ್ತಿದ್ದದ್ದು?"

ನಾನು ಉತ್ತರ ಕೊಡಲಿಲ್ಲ. ಅವ್ವ ಮತ್ತೆ ಕೇಳಲಿಲ್ಲ, ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಆಮೇಲೆ ಕಾನೂನು ಓದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆ ಹಾಳುಮಾಡುವುದು, ಗೂಡಿಗೆ ತೊಂದರೆ ಕೊಡುವುದು ಎರಡೂ ಸೇರಿವೆ. ಪದಗಳ ಅರ್ಥ ವಿಸ್ತಾರವಾಗುವುದನ್ನು ನಾನು ಎರಡು ವರ್ಷ ಓದಿದವಳು. ನನ್ನ 'ಉಪದ್ರವ' ಈ 'ಬೇಟೆ'ಯೊಳಗೆ ಎಲ್ಲಿ ಕೂರುತ್ತದೆ ಎಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

*

ಆ ಆಗಸ್ಟ್‌ನಲ್ಲಿ ಶಿವಸುಮನವನ್ನು ಕಣ್ಣಾರೆ ಕಂಡೆ. ಬಂಡೆಯ ಮೇಲಲ್ಲ, ಡೊಂಬಿವಿಲಿಯಲ್ಲಿ. ಪರಿಚಿತರೊಬ್ಬರು ಗ್ಯಾಲರಿಯಲ್ಲಿ ಕಳ್ಳಿ ಜಾತಿಯ ಗಿಡ ಬೆಳೆಸುತ್ತಾರೆ. ಹಳೆಯ ಐಸ್‌ಕ್ರೀಂ ಡಬ್ಬದಲ್ಲಿ, ಬಟ್ಟೆ ಒಣಹಾಕುವ ತಂತಿಯ ಕೆಳಗೆ, ಅದು ಹೂಬಿಟ್ಟು ಕೂತಿತ್ತು. ಇದರ ಕಾಂಡದ ತುಂಡು ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ. ಅದಕ್ಕೇ ದೇಶವಿದೇಶಗಳ ಕುಂಡಗಳಲ್ಲಿ ಇದು ಸುಖವಾಗಿದೆ. ಕಷ್ಟವಿರುವುದು ಅದರ ಸ್ವಂತ ಗುಡ್ಡದಲ್ಲಿ: ಮೇಯುವ ಆಡು, ಬೇಸಗೆಯ ಕಾಡುಕಿಚ್ಚು, ಜರಿಯುವ ಮಣ್ಣು, ರಸ್ತೆ, ಕಟ್ಟಡ. "ಒಂದು ತುಂಡು ಕೊಡಲೇ?" ಎಂದು ಅವರು ಕೇಳಿದರು. ಬೇಡ ಎಂದೆ.

ಸೆಪ್ಟೆಂಬರ್‌ನಲ್ಲಿ ಕಲ್ಯಾಣದಿಂದ ಬಸ್ಸು ಹಿಡಿದು, ಮುರಬಾಡ, ಮಾಳಶೇಜ್ ಘಾಟು ದಾಟಿ ಜುನ್ನರಿಗೂ ಹೋಗಿಬಂದೆ. ಶಿವನೇರಿಯ ಮೆಟ್ಟಿಲ ಮೇಲೆ ನಿಂತು ಕಪ್ಪು ಬಂಡೆಯ ಗೋಡೆಯನ್ನು ಬಹಳ ಹೊತ್ತು ನೋಡಿದೆ. ಹಸಿರು ತೇಪೆಗಳು ಕಂಡವು, ಹೂ ಕಾಣಲಿಲ್ಲ. ಒಂದು ಸಂಗತಿ ಮಾತ್ರ ಅಲ್ಲಿ ನಿಂತಾಗ ಹೊಳೆಯಿತು. ಈ ಗಿಡ ಇಷ್ಟು ದಿನ ಉಳಿದಿರುವುದು ಆಡಿನ ಬಾಯಿ, ಮನುಷ್ಯನ ಕೈ ಎಟುಕದ ಕಡಿದಾದ ಕಡೆಗಳಲ್ಲಿ. ಬಕ ಉಳಿದಿರುವುದು ನಮ್ಮ ಕೈಗೆ ಎಟುಕುವ ಕಡೆಗಳಲ್ಲಿ, ನಮ್ಮ ಮರ, ನಮ್ಮ ಮೋರಿ, ನಮ್ಮ ಸಹನೆಯನ್ನು ನಂಬಿಕೊಂಡು. ಹೂವನ್ನು ಉಳಿಸಲು ದೂರದಲ್ಲಿರುವ ನಾನು ಮಾಡಬಹುದಾದ್ದು ಒಂದು ಫಲಕದ ಅನುವಾದ. ಹಕ್ಕಿಯನ್ನು ಉಳಿಸಲು ಒಂದು ವಾಕ್ಯ ಬರೆದಿದ್ದರೆ ಸಾಕಿತ್ತು.

ನಮ್ಮ ಬಿಲ್ಡಿಂಗಿನವರು ಪ್ರಕೃತಿದ್ವೇಷಿಗಳಲ್ಲ ಎಂದೂ ಹೇಳಬೇಕು. ಪ್ರತಿ ಚಳಿಗಾಲ ಐರೋಲಿಗೆ ಹೋಗಿ, ದೋಣಿ ಹತ್ತಿ, ಠಾಣೆ ಖಾಡಿಯ ಫ್ಲೆಮಿಂಗೊಗಳ ಫೋಟೋ ತೆಗೆದು ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಅದೂ ನೀರಲ್ಲಿ ನಿಂತು ಉಣ್ಣುವ ಉದ್ದಕಾಲಿನ ಹಕ್ಕಿಯೇ. ಆದರೆ ಗುಲಾಬಿ ಬಣ್ಣದ್ದು, ದೂರದಿಂದ ಬಂದದ್ದು, ನಮ್ಮ ಕಾರಿನ ಮೇಲೆ ಕೂರದ್ದು.

*

ಅನುವಾದದಲ್ಲಿ ನನಗೆ ತೊಡಕಾಗುವ ಪದ 'ಅಳಿವಿನಂಚಿನ' ಅಲ್ಲ, 'ಸಾಮಾನ್ಯ'. ಪಕ್ಷಿಪುಸ್ತಕದಲ್ಲಿ ಅದರ ಅರ್ಥ 'ಎಲ್ಲೆಡೆ ಸಿಗುವ' ಎಂದಷ್ಟೇ. ಕನ್ನಡದಲ್ಲಿ ಅದು ಅಲ್ಲಿಗೇ ನಿಲ್ಲುವುದಿಲ್ಲ. 'ಅವನೇನು ಸಾಮಾನ್ಯನಲ್ಲ' ಎಂದಾಗ ಸಾಮಾನ್ಯ ಎಂದರೆ ಲೆಕ್ಕಕ್ಕಿಲ್ಲದವನು. ಎಲ್ಲೆಡೆ ಇರುವುದು ಲೆಕ್ಕಕ್ಕಿಲ್ಲ ಎಂಬ ತೀರ್ಮಾನ ಪದದೊಳಗೇ ಕೂತಿದೆ.

ಈ ತೀರ್ಮಾನದ ಬೆಲೆಯನ್ನು ನಮ್ಮ ಕಾಲವೇ ಕಂಡಿದೆ. ಅಪ್ಪ ಈ ಊರಿಗೆ ಬಂದಾಗ ರಣಹದ್ದು ಸಾಮಾನ್ಯ ಹಕ್ಕಿ. ದನಗಳಿಗೆ ಕೊಡುವ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸಿತು. 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದರಷ್ಟು ಉಳಿಯಿತು. ದನಗಳಿಗೆ ಆ ಔಷಧಿ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಅಭಯಧಾಮವಾಯಿತು. ಸಾಮಾನ್ಯ ಎಂಬ ಪಟ್ಟಿಯಿಂದ ಅಳಿವಿನಂಚಿನ ಪಟ್ಟಿಗೆ ಹೋಗಲು ಹದಿನೈದು ವರ್ಷ ಸಾಕಾಯಿತು.

ಭಾಷಾವಿಜ್ಞಾನದ ತರಗತಿಯಲ್ಲಿ ಅಳಿವಿನಂಚಿನ ಭಾಷೆಗಳ ಪಾಠ ಬಂದಾಗ ಯುನೆಸ್ಕೋದ ಪಟ್ಟಿಯಲ್ಲಿರುವ ತುಳು, ಕೊಡವ, ಬಡಗ, ಕೊರಗದ ಹೆಸರು ಬರೆದುಕೊಂಡಿದ್ದೆವು. ಕನ್ನಡದ ಬಗ್ಗೆ ಚಿಂತೆಯಿರಲಿಲ್ಲ. 2011ರ ಜನಗಣತಿಯಲ್ಲಿ 4.37 ಕೋಟಿ ಮಂದಿಯ ಮಾತೃಭಾಷೆ ಅದು. ಆದರೆ ನಮ್ಮ ಮೇಷ್ಟರು ಒಂದು ಮಾತು ಒತ್ತಿ ಹೇಳುತ್ತಿದ್ದರು: ಆಡುವವರೆಷ್ಟು ಎಂದು ಎಣಿಸಿದರೆ ಸಾಲದು, ಮನೆಯಲ್ಲಿ ಮಕ್ಕಳು ಕಲಿಯುತ್ತಿದ್ದಾರೆಯೇ ನೋಡಿ.

ನಮ್ಮ ಎರಡನೇ ಮಹಡಿಯಲ್ಲಿ ಅಣ್ಣನ ಮಗನಿಗೆ ಈಗ ಒಂಬತ್ತು. ಅಜ್ಜಿ ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತದೆ, ಉತ್ತರ ಹಿಂದಿಯಲ್ಲಿ. ಪಟ್ಟಿಯ ಪ್ರಕಾರ ಕನ್ನಡ ಕೊಳದ ಬಕ, ಎಲ್ಲೆಡೆ ಸಿಗುವಂಥದ್ದು. ನಮ್ಮ ಮನೆಯ ಮಟ್ಟಿಗೆ ಅದು ಬಂಡೆಯ ಮೇಲಿನ ಗಿಡ. ನಾನು ಅದರಲ್ಲೇ ದುಡಿದು ಉಣ್ಣುತ್ತೇನೆ, ಇಂಥ ಪ್ರಬಂಧ ಬರೆಯುತ್ತೇನೆ. ಅದು ಕುಂಡದ ಬಾಳು. ತುಂಡು ನೆಟ್ಟು ಬೆಳೆಸಿದ್ದು ಅದೇ ಗಿಡದ ಇನ್ನೊಂದು ಪ್ರತಿ, ಮರಿಯಲ್ಲ. ಡೊಂಬಿವಿಲಿಯಲ್ಲಿ ತುಂಡು ಬೇಡ ಎಂದದ್ದು ಯಾಕೆಂದು ನನಗೆ ತಿಳಿದದ್ದು ಇದನ್ನು ಬರೆಯುವಾಗ.

ಹಾಗಾಗಿ ಹದಿನಾಲ್ಕು ಮರಿಗಳ ವಿಷಯದಲ್ಲಿ 'ಬಕಗಳು ಬೇಕಾದಷ್ಟಿವೆ ಬಿಡು' ಎಂಬ ಸಮಾಧಾನ ನನಗೆ ಹಿಡಿಸಲಿಲ್ಲ. ಎದುರು ಗಚ್ಚಿಯ ಮೇಲೆ ದೊಡ್ಡ ಹಕ್ಕಿಗಳು ಅಷ್ಟೂ ಇದ್ದವು. ಆ ವರ್ಷ ಇಲ್ಲವಾದದ್ದು ಮುಂದಿನದು.

*

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಿಕ್ಕೆ ಅಲ್ಲೂ ಬೀಳುತ್ತದೆ, ಮೀನಿನ ವಾಸನೆ ಅಲ್ಲೂ ಇದೆ. ಊರವರು ಮರದಡಿ ಗುಂಡಿ ತೋಡಿ ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡರು. ಹಕ್ಕಿ ಕೂತು ಹುಣಸೆ ಫಸಲು ಕಳೆದುಕೊಂಡ ಮರದ ಯಜಮಾನರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಇವು ಎಂಬುದು ಅಲ್ಲಿಯವರ ಮಾತು. ಹೊಲವಿಲ್ಲದ ವರ್ತಕ ನಗರದಲ್ಲಿ ಹಿಕ್ಕೆಯಿಂದ ಯಾರಿಗೂ ಲಾಭವಿಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ಉಪಯೋಗಕ್ಕೆ ಬಂದದ್ದು ಗೊಬ್ಬರ ಮಾತ್ರವಲ್ಲ, ಆ ಒಂದು ವಾಕ್ಯವೂ ಹೌದು. ಮಗಳು ಎಂದ ಮೇಲೆ ಗರಗಸ ಹಿಡಿಯುವುದು ಕಷ್ಟ.

ಮರುವರ್ಷದ ಫೆಬ್ರವರಿಯಲ್ಲಿ ನಾನೇ ಕಾಕಾ ಮನೆಗೆ ಹೋದೆ. ಈ ಸಲದ ಅರ್ಜಿಯನ್ನೂ ನಾನೇ ಬರೆಯುತ್ತೇನೆ ಎಂದೆ. ಅವರು ಕಳೆದ ವರ್ಷದ್ದನ್ನು ಮರೆತಿರಲಿಲ್ಲ. ಆ ದಿನ ರಟ್ಟಿನ ಡಬ್ಬದ ಮುಂದೆ ಅವರೂ ತಲೆ ತಗ್ಗಿಸಿ ನಿಂತಿದ್ದರು. ಹೊಸ ಕಾಗದದಲ್ಲಿ ಎರಡು ಸಂಗತಿ ಸೇರಿಸಿದೆ: ಈ ಮರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಳದ ಬಕಗಳು ಗೂಡು ಕಟ್ಟುತ್ತವೆ, ಕತ್ತರಿಸುವುದಾದರೆ ಈಗಲೇ, ತಂತಿಗೆ ತಾಗುವ ಕೊಂಬೆಗಳನ್ನಷ್ಟೇ, ಇಲ್ಲದಿದ್ದರೆ ಮಳೆಗಾಲ ಮುಗಿದ ಮೇಲೆ. ಮರಾಠಿಯಲ್ಲಿ ವಂಚಕ ಎಂದು ಬರೆಯಲಿಲ್ಲ, ಢೋಕರಿ ಎಂದು ಬರೆದೆ. ಗಾಡಿಗಳನ್ನು ಆ ನಾಲ್ಕು ತಿಂಗಳು ಹಿಂದಿನ ಗೋಡೆಯ ಬಳಿ ನಿಲ್ಲಿಸಬೇಕೆಂಬ ಮಾತಿಗೆ ಸೊಸೈಟಿ ಸಭೆಯಲ್ಲಿ ಜೋರು ಜಗಳವಾಯಿತು. ಕೊನೆಗೆ ಒಪ್ಪಿದವರು ಅರ್ಧ, ಗೊಣಗಿದವರು ಅರ್ಧ. ಮೂರು ಕೊಂಬೆ ಮಾರ್ಚ್‌ನಲ್ಲೇ ಹೋದವು.

ಆ ಮಳೆಗಾಲ ಮರಕ್ಕೆ ಒಂದೂ ಹಕ್ಕಿ ಬರಲಿಲ್ಲ. ರಸ್ತೆಯಾಚೆಯ ಅರಳಿಮರಕ್ಕೆ ಹೋಗಿದ್ದವು. ಅದು ನಮ್ಮ ಸೊಸೈಟಿಯದಲ್ಲ, ಅಲ್ಲಿ ಯಾರು ಎಂಥ ಅರ್ಜಿ ಬರೆಯುತ್ತಾರೋ ನನ್ನ ಕೈಯಲ್ಲಿಲ್ಲ. ಕಳೆದ ವರ್ಷ ನಾಲ್ಕು ಜೋಡಿ ನಮ್ಮ ಮರಕ್ಕೆ ವಾಪಸ್ಸು ಬಂದವು.

ಜುಲೈಯ ಒಂದು ಸಂಜೆ ಅಣ್ಣನ ಮಗ ಗ್ಯಾಲರಿಯಲ್ಲಿ ನಿಂತು ಅದೇನು ಹಕ್ಕಿ ಎಂದು ಹಿಂದಿಯಲ್ಲಿ ಕೇಳಿದ. ಅವ್ವ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, "ಬಕ" ಎಂದಳು. ಅವನು ಅದನ್ನೇ ಎರಡು ಸಲ ಹೇಳಿಕೊಂಡ. ಮತ್ತೆ ಹಿಂದಿಯಲ್ಲೇ, ಅದಕ್ಕೆ ಎಷ್ಟು ಮಕ್ಕಳು ಎಂದು ಕೇಳಿದ.

"ಬಾ, ಎಣಸೂಣು" ಎಂದಳು ಅವ್ವ. ಒಂದು, ಎರಡು, ಮೂರು ಎಂದು ಅವನು ಅವಳ ಹಿಂದೆ ಹೇಳುತ್ತಾ ಹೋದ. ಏಳರವರೆಗೆ ಬಂದು ನಿಂತರು, ಅಷ್ಟರಲ್ಲಿ ಮಳೆ ಜೋರಾಯಿತು.